ಹಗ್ಗದ ಮೇಲಿನ ಕಾಲುಗಳು ತಿರುಗಿದ ದಿನ

ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷಗಳಾಗಿದ್ದವು. ನಾನು ಆಗ ಆಂಧ್ರದ ಗಡಿಯಲ್ಲಿರುವ ರಾಯದುರ್ಗದ ಸಣ್ಣ ಹವಾಮಾನ ವೀಕ್ಷಣಾಲಯದಲ್ಲಿ ಅಬ್ಸರ್ವರ್ ಆಗಿದ್ದೆ. ವೀಕ್ಷಣಾಲಯ ಎಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಊರಂಚಿನಲ್ಲಿ ಎರಡು ಕೋಣೆ, ತಂತಿಬೇಲಿಯೊಳಗೆ ಒಂದು ಮಳೆಮಾಪಕ, ಬಿಳಿ ಪೆಟ್ಟಿಗೆಯೊಂದರಲ್ಲಿ ನಾಲ್ಕು ಥರ್ಮಾಮೀಟರು, ಮಾಳಿಗೆಯ ಮೇಲೆ ಗಾಳಿಯ ದಿಕ್ಕು ತೋರಿಸುವ ವಿಂಡ್ ವೇನ್, ಒಳಗೆ ಗೋಡೆಗೆ ತೂಗುಹಾಕಿದ ಬ್ಯಾರೋಮೀಟರ್. ಅಷ್ಟೇ. ಬೆಳಿಗ್ಗೆ ಎಂಟೂವರೆಗೆ, ಸಂಜೆ ಐದೂವರೆಗೆ ಇವುಗಳ ರೀಡಿಂಗ್ ತೆಗೆದು ಅನಂತಪುರಕ್ಕೆ ಫೋನಿನಲ್ಲಿ ಹೇಳುವುದು ನನ್ನ ಕೆಲಸ. ಮುನ್ಸೂಚನೆ ಕೊಡುವುದು ನನ್ನ ಕೆಲಸವಲ್ಲ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಏಕೆಂದರೆ ಆ ದಿನಗಳಲ್ಲಿ ನಾನದನ್ನು ಮರೆತಿದ್ದೆ.

ರಾಯದುರ್ಗದಲ್ಲಿ ವರ್ಷದ ಬಹುಪಾಲು ದಿನ ಮಳೆಮಾಪಕದ ರೀಡಿಂಗ್ ಸೊನ್ನೆ. ಸೊನ್ನೆ ಬರೆಯುವುದಕ್ಕೂ ಸರ್ಕಾರ ಸಂಬಳ ಕೊಡುತ್ತದೆ ಎಂದು ನನ್ನ ಹೆಂಡತಿ ಬಂದವರೆದುರೆಲ್ಲ ಚೇಷ್ಟೆ ಮಾಡುತ್ತಿದ್ದಳು. ಊರಿನವರು ನನಗೆ ಮಳೆ ಸಾರ್ ಎಂದು ಹೆಸರಿಟ್ಟಿದ್ದರು. ಅದರಲ್ಲಿ ಅರ್ಧ ಗೌರವ, ಅರ್ಧ ಗೇಲಿ. ನಾನು ಗೌರವದ ಅರ್ಧವನ್ನಷ್ಟೇ ಕೇಳಿಸಿಕೊಳ್ಳುತ್ತಿದ್ದೆ.

ನನ್ನೂರು ಮಡಕಶಿರಾ ಹತ್ತಿರದ ರೊಳ್ಳ. ಆ ವರ್ಷಗಳಲ್ಲಿ ನಮ್ಮ ಕಡೆಯ ಹಳ್ಳಿಗಳಿಂದ ಹೆಣ್ಣುಮಕ್ಕಳು ಗುಂಪುಗುಂಪಾಗಿ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಬಸ್ಸು ಹತ್ತುತ್ತಿದ್ದರು. ಕೆಲವರು ಮಾತ್ರ ಇತ್ತ ರಾಯದುರ್ಗಕ್ಕೆ ಬಂದರು, ಜೀನ್ಸ್ ಪ್ಯಾಂಟಿನ ಕೆಲಸಕ್ಕೆ. ಇಲ್ಲಿ ಪ್ಯಾಂಟು ಹೊಲಿಯುವುದು ಮನೆಮನೆಯಲ್ಲಿ. ತೊಳೆದು ಬಣ್ಣ ಇಳಿಸುವುದು ಊರ ಹೊರಗೆ. ತೊಳೆದದ್ದನ್ನು ಒಣಗಿಸಲು ಬಯಲು ಬೇಕು, ಗಾಳಿ ಬೇಕು. ನಮ್ಮ ಆಫೀಸಿನ ಹಿಂದೆ ಇದ್ದ ಅಗಲವಾದ ಹಳ್ಳ ಇದಕ್ಕೆ ಹೇಳಿ ಮಾಡಿಸಿದಂತಿತ್ತು. ತೆಂಕಣ ಗುಡ್ಡಗಳಿಂದ ಇಳಿದು ಬಡಗಣಕ್ಕೆ ಹೋಗುವ ಆ ಹಳ್ಳದಲ್ಲಿ ನೀರು ಹರಿದದ್ದನ್ನು ಕಂಡವರು ಕಡಿಮೆ. ಎಲ್ಲಿ ನೋಡಿದರೂ ಮರಳು. ಯಾರ ಜಮೀನೂ ಅಲ್ಲ, ಯಾರೂ ಏಳು ಎನ್ನುವುದಿಲ್ಲ. ವಾಷಿಂಗ್ ಯೂನಿಟ್ಟಿನವರು ಹಳ್ಳದೊಳಗೇ ಸಾಲಾಗಿ ಗೂಟ ನೆಟ್ಟು, ಹಗ್ಗ ಕಟ್ಟಿ, ಒಂದೊಂದು ಹಗ್ಗಕ್ಕೂ ನೂರಾರು ಪ್ಯಾಂಟು ತೂಗುಹಾಕುತ್ತಿದ್ದರು. ಕೆಲಸಕ್ಕೆ ಬಂದ ಹೆಂಗಸರು ಅದೇ ಮರಳಿನ ಮೇಲೆ ಗುಡಿಸಲು ಹಾಕಿಕೊಂಡಿದ್ದರು. ಸೇತುವೆಯ ಕಮಾನಿನ ನೆರಳಲ್ಲಿ ಹಸುಗೂಸುಗಳ ಜೋಲಿ. ನೀರು ಕಾಣದ ಸೀಮೆಯವರಿಗಷ್ಟೇ ಸಾಧ್ಯವಾದ ತಪ್ಪು ಇದು. ನಾವು ಹಳ್ಳವನ್ನು ಅಂಗಳ ಅಂದುಕೊಂಡಿದ್ದೆವು.

ಜನ ಕಳ ಎನ್ನುತ್ತಿದ್ದ ಆ ಒಣಗಿಸುವ ಜಾಗದಲ್ಲಿ ಒಂದು ಕಟ್ಟಳೆ ಇತ್ತು. ಪ್ರತಿ ಹಗ್ಗದ ಒಂದು ತುದಿಯನ್ನು ದಡದ ಮೇಲಿನ ಗೂಟಕ್ಕೆ ಎಳೆದರೆ ಬಿಚ್ಚುವ ಗಂಟಿನಿಂದ ಕಟ್ಟಿರುತ್ತಿದ್ದರು. ಮಳೆಯ ಲಕ್ಷಣ ಕಂಡರೆ ಹೆಂಗಸರ ಮುಖ್ಯಸ್ಥೆ ಆ ಗಂಟು ಎಳೆಯುತ್ತಿದ್ದಳು. ಇಡೀ ಸಾಲು ಒಮ್ಮೆಲೇ ನೆಲಕ್ಕೆ ಬೀಳುತ್ತಿತ್ತು. ಹಗ್ಗ ಬಿದ್ದರೆ ಯಾರೂ ಯಾಕೆ ಏನು ಎಂದು ಕೇಳುವಂತಿಲ್ಲ. ಕೈಗೆ ಸಿಕ್ಕಿದ್ದನ್ನು ಬಾಚಿಕೊಂಡು ದಡ ಹತ್ತಬೇಕು. ಪ್ಯಾಂಟು ತೊಳೆಯುವ ತೊಟ್ಟಿಗಳ ಬಳಿ ಮೋಟಾರಿನ ಸದ್ದಿನಲ್ಲಿ ಕೂಗು ಕೇಳಿಸದ ಕಾರಣ ಮಾಡಿಕೊಂಡ ಏರ್ಪಾಡು ಅದು.

ಮುಖ್ಯಸ್ಥೆಯ ಹೆಸರು ಲಕ್ಕಮ್ಮ, ಅಗಳಿ ಕಡೆಯವಳು. ಒಂದೇ ಸೀಮೆಯವರು ಎನ್ನುವ ಸಲಿಗೆಯಿಂದ ನನ್ನನ್ನು ಅಣ್ಣಯ್ಯ ಎನ್ನುತ್ತಿದ್ದಳು. ಕಳದ ಕಾವಲುಗಾರರು ಕಾಸಿಂ ಸಾಬರು, ಅರವತ್ತು ದಾಟಿದ ರಾಯದುರ್ಗದವರೇ. ಅವರಿಗೆ ಕಿವಿ ಸ್ವಲ್ಪ ಮಂದ. ಪ್ರತಿದಿನ ಎಂಟೂವರೆಗೆ ನಾನು ಮಳೆಮಾಪಕ ನೋಡಿ ತಲೆ ಎತ್ತಿದರೆ ತಂತಿಬೇಲಿಯ ಆಚೆ ಅವರು ನಿಂತಿರುತ್ತಿದ್ದರು.

"ಇವತ್ತ ಹರವಬೌದೇನ್ರಿ ಸಾರ್?"

ನಾನು ಆಕಾಶ ನೋಡಿ, ವಿಂಡ್ ವೇನ್ ನೋಡಿ, ತುಸು ಗತ್ತಿನಿಂದಲೇ, ಜೋರಾಗಿ, "ಹರವ್ರಿ" ಎನ್ನುತ್ತಿದ್ದೆ. ಅದು ನನ್ನ ಅಧಿಕಾರವಲ್ಲ ಎಂದು ಗೊತ್ತಿತ್ತು. ಆದರೆ ಇಡೀ ಊರಿನಲ್ಲಿ ನನ್ನ ಮಾತಿಗಾಗಿ ದಿನಾ ಕಾದು ನಿಲ್ಲುವವರು ಅವರೊಬ್ಬರೇ.

ಅಕ್ಟೋಬರ್ ತಿಂಗಳ ಕೊನೆಯಲ್ಲಿ, ದೀಪಾವಳಿಗೆ ಸ್ವಲ್ಪ ದಿನ ಉಳಿದಿರುವಾಗ, ಬಂಗಾಳಕೊಲ್ಲಿಯಲ್ಲಿ ಒಂದು ಚಂಡಮಾರುತ ಎದ್ದಿತು. ಸೋಮವಾರ ಬೆಳಗಿನ ಬುಲೆಟಿನ್ ಪ್ರಕಾರ ಅದು ಕರಾವಳಿಯಿಂದ ದೂರದಲ್ಲಿ ಉತ್ತರಕ್ಕೆ ಸಾಗುತ್ತಿತ್ತು. ನಮಗೆ ಅದರಿಂದ ಏನೂ ತೊಂದರೆಯಿಲ್ಲ. ಬುಲೆಟಿನ್ನಿನ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಅಂಡಮಾನಿನ ಬಳಿ ಮತ್ತೊಂದು ವಾಯುಭಾರ ಕುಸಿತ ಕಾಣಿಸಿಕೊಂಡಿದೆ. ಆ ಸಾಲನ್ನು ನಾನು ಓದಿದೆ, ಅಷ್ಟೇ.

ಬೇಲಿಯ ಆಚೆ ಕಾಸಿಂ ಸಾಬರು ಅಂದು ಬೇರೆಯದೇ ಪ್ರಶ್ನೆ ಕೇಳಿದರು. "ಸಾರ್, ಕಣೇಕಲ್ಲಾಗ ಮಗಳ ಮನಿಗಿ ಹೋಗಿ ಬರೋದೈತ್ರಿ. ಮೂರು ದಿನ ಹರವಿದ್ದು ಹರವಿದ್ಹಾಂಗ ಬಿಟ್ರ ನಡೀತೈತೇನ್ರಿ?"

"ಮೂರು ದಿನ ಏನೂ ಆಗಲ್ಲ. ಧೈರ್ಯವಾಗಿ ಹೋಗಿ ಬನ್ನಿ," ಎಂದೆ.

ಅವರು ಎದೆಯ ಮೇಲೆ ಕೈಯಿಟ್ಟು ತಲೆಬಾಗಿ ಹೋದರು.

ಮಂಗಳವಾರ ಬೆಳಿಗ್ಗೆ ಎಲ್ಲವೂ ಬುಲೆಟಿನ್ ಹೇಳಿದಂತೆಯೇ ಇತ್ತು. ಇಲ್ಲಿ ನಮ್ಮ ಕೆಲಸದ ಒಂದು ಹಳೆಯ ಸೂತ್ರ ಹೇಳಬೇಕು. ಗಾಳಿಗೆ ಬೆನ್ನು ಕೊಟ್ಟು ನಿಂತು ಎಡಗೈ ಚಾಚಿದರೆ, ನಮ್ಮ ಭೂಗೋಳದ ಈ ಅರ್ಧದಲ್ಲಿ, ಕೈ ಸರಿಸುಮಾರು ಚಂಡಮಾರುತದ ಕಡೆಗೆ ತೋರಿಸುತ್ತದೆ. ಏಕೆಂದರೆ ಇಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಸೋಮವಾರ ಗಾಳಿ ವಾಯವ್ಯದಿಂದ ಬೀಸುತ್ತಿತ್ತು, ಕೈ ಈಶಾನ್ಯಕ್ಕೆ ಚಾಚುತ್ತಿತ್ತು. ಮಂಗಳವಾರ ಬೆಳಿಗ್ಗೆ ಗಾಳಿ ಪಡುವಣದಿಂದ ಬಂತು, ಕೈ ಬಡಗಣಕ್ಕೆ ಹೋಯಿತು. ಅಂದರೆ ಅದು ಬಡಗಣಕ್ಕೆ ಹೋಗುತ್ತಿದೆ. ಹಳ್ಳದಲ್ಲಿ ಸಾವಿರಾರು ಪ್ಯಾಂಟುಗಳು ಗಾಳಿ ತುಂಬಿಕೊಂಡು ಉಬ್ಬಿ, ಮೂಡಣಕ್ಕೆ, ಅನಂತಪುರದ ಕಡೆಗೆ ಕಾಲು ಹಾಕುತ್ತಿದ್ದವು. ಸೊಂಟದಿಂದ ಮೇಲೆ ಏನೂ ಇಲ್ಲದ ಜನರ ಮೆರವಣಿಗೆಯಂತೆ ಕಾಣುತ್ತಿತ್ತು. ದಿನಾ ನೋಡಿ ಅಭ್ಯಾಸವಾಗಿದ್ದರಿಂದ ನಮಗ್ಯಾರಿಗೂ ಅದು ವಿಚಿತ್ರವೆನಿಸುತ್ತಿರಲಿಲ್ಲ.

ಹನ್ನೆರಡರ ಹೊತ್ತಿಗೆ ಗಾಳಿ ನಿಂತಿತು. ಕಡಿಮೆಯಾದದ್ದಲ್ಲ, ನಿಂತೇ ಹೋಯಿತು. ಬಿಸಿಲಿಗೆ ಹಿತ್ತಾಳೆಯ ಬಣ್ಣ ಬಂತು. ನೆರಳುಗಳ ಅಂಚು ಮಸುಕಾದವು. ಮಾಳಿಗೆಯ ಮೇಲೆ ಯಾವಾಗಲೂ ಕಿರಕಿರ ಎನ್ನುತ್ತಿದ್ದ ವಿಂಡ್ ವೇನ್ ಸುಮ್ಮನಾಯಿತು. ಆ ಸದ್ದು ನಿಂತ ಮೇಲೆ ಇನ್ನೂ ಒಂದು ವಿಷಯ ಗಮನಕ್ಕೆ ಬಂತು: ಹಳ್ಳದ ಜಾಲಿಯಲ್ಲಿ ಮಧ್ಯಾಹ್ನವೆಲ್ಲ ಗಲಾಟೆ ಮಾಡುವ ಗೊರವಂಕಗಳು ಒಂದೂ ಇರಲಿಲ್ಲ. ನಾನು ಊಟದ ಡಬ್ಬಿ ತೆರೆದವನು ಹಾಗೆಯೇ ಮುಚ್ಚಿದೆ.

ಎರಡು ಗಂಟೆಗೆ ಲಕ್ಕಮ್ಮ ಬಂದಳು. ಕೈಯೆಲ್ಲ ಮೊಣಕೈವರೆಗೆ ನೀಲಿ. ಬಾಗಿಲಲ್ಲೇ ನಿಂತಳು.

"ಅಣ್ಣಯ್ಯ, ಒಸಿ ಬಂದು ನೋಡಣ್ಣಯ್ಯ. ಪ್ಯಾಂಟೆಲ್ಲ ತಿರುಗ್ಕಂಡವೆ."

"ತಿರುಗ್ಕೊಳ್ಳೋದಂದ್ರೆ?"

"ಒತ್ತಾರೆ ಅನಂತಪುರದ ಕಡೀಕೆ ಓಗ್ತಿದ್ವು. ಈಗ ನಮ್ಮೂರ ಕಡೀಕೆ ಒಂಟವೆ. ನಂಗ್ಯಾಕೋ ಎದೆ ಝಲ್ ಅಂತೈತೆ."

ಹೋಗಿ ನೋಡಿದೆ. ಮತ್ತೆ ಗಾಳಿ ಎದ್ದಿತ್ತು, ಮೆಲ್ಲಗೆ, ಬಡಗಣದಿಂದ. ಸಾಲುಸಾಲು ಕಾಲುಗಳೆಲ್ಲ ತೆಂಕಣಕ್ಕೆ, ಮಡಕಶಿರಾ ದಿಕ್ಕಿಗೆ ಮುಖ ಮಾಡಿದ್ದವು. ನಾನು ಮರಳಿನ ಮೇಲೆ ಗಾಳಿಗೆ ಬೆನ್ನು ಕೊಟ್ಟು ನಿಂತು ಎಡಗೈ ಚಾಚಿದೆ. ಬೆಳಿಗ್ಗೆ ಬಡಗಣ ತೋರಿಸಿದ್ದ ಕೈ ಈಗ ನೇರ ಮೂಡಣಕ್ಕೆ ತೋರಿಸುತ್ತಿತ್ತು. ಗಾಳಿ ಇನ್ನೂ ಈಶಾನ್ಯಕ್ಕೆ ಜಾರುತ್ತಿತ್ತು, ಅದರೊಂದಿಗೆ ನನ್ನ ಕೈಯೂ ಆಗ್ನೇಯದತ್ತ ಜಾರುತ್ತಿತ್ತು. ಹೊರಟುಹೋಗಿದ್ದದ್ದು ವಾಪಸ್ ಬರುತ್ತಿತ್ತು. ನೂರಾರು ಮೈಲಿ ಆಚೆ, ನಾನು ಹುಟ್ಟಿದಾಗಿನಿಂದ ಕಣ್ಣಾರೆ ನೋಡದ ಸಮುದ್ರದ ಮೇಲೆ, ಯಾವುದೋ ಒಂದು ದೊಡ್ಡ ವಸ್ತು ಹೊರಳಿ ನಮ್ಮ ಕಡೆ ಮುಖ ಮಾಡಿದೆ ಎಂದು ನನ್ನ ಕೈಯೇ ನನಗೆ ಹೇಳುತ್ತಿತ್ತು. ನನಗೆ ಹೆದರಿಕೆಯಾಯಿತು. ಸುತ್ತ ನಿಂತ ಹೆಂಗಸರು ನಗುತ್ತಿದ್ದರು, ಮಳೆ ಸಾರ್ ಯಾರಿಗೋ ದಾರಿ ತೋರಿಸುತ್ತಿದ್ದಾರೆಂದು.

ಆಫೀಸಿಗೆ ಓಡಿ ಬ್ಯಾರೋಮೀಟರ್ ನೋಡಿದೆ. ಆ ಹೊತ್ತಿನಲ್ಲಿ ಇರಬೇಕಾದದ್ದಕ್ಕಿಂತ ನಾಲ್ಕು ಮಿಲಿಬಾರ್ ಕೆಳಗಿತ್ತು. ಅನಂತಪುರದ ನನ್ನ ಮೇಲಧಿಕಾರಿಗೆ ಫೋನ್ ಮಾಡಿದೆ. ನಮ್ಮ ಮಾತು ಯಾವಾಗಲೂ ತೆಲುಗಿನಲ್ಲಿ. ಚಂಡಮಾರುತ ಬೆಳಿಗ್ಗೆಯಿಂದ ಇದ್ದಲ್ಲೇ ನಿಂತಂತಿದೆ, ಸಂಜೆಯ ಹೊತ್ತಿಗೆ ಮತ್ತೆ ಉತ್ತರಕ್ಕೆ ಹೊರಡುತ್ತದೆ ಎಂದರು.

"ಅಂಡಮಾನಿನದ್ದು ಏನಾಯಿತು ಸಾರ್?" ಎಂದು ಕೇಳಿದೆ.

ಅದು ರಾತ್ರೋರಾತ್ರಿ ಬಲಿತು ಮೊದಲನೆಯದಕ್ಕಿಂತ ದೊಡ್ಡದಾಗಿ, ಪಶ್ಚಿಮಕ್ಕೆ ಬಂದಿದೆಯೆಂದರು. ಎರಡರ ನಡುವೆ ಎಷ್ಟು ದೂರ ಎಂದೆ. ಕಾಗದ ಸರಿಸುವ ಸದ್ದು ಕೇಳಿಸಿತು. ಒಂಬೈನೂರು ಕಿಲೋಮೀಟರ್ ಇರಬಹುದು ಎಂದರು.

ಟ್ರೈನಿಂಗಿನಲ್ಲಿ ನಮಗೆ ಇದನ್ನು ಹೇಳಿಕೊಟ್ಟಿದ್ದರು. ಜಪಾನಿನ ವಿಜ್ಞಾನಿಯೊಬ್ಬರು ಬಹಳ ಹಿಂದೆಯೇ ಗುರುತಿಸಿದ ಸಂಗತಿ. ಎರಡು ಚಂಡಮಾರುತಗಳು ಸಾವಿರ, ಸಾವಿರದ ನಾನೂರು ಕಿಲೋಮೀಟರ್‌ಗಿಂತ ಹತ್ತಿರ ಬಂದರೆ ಒಂದರ ಸುಳಿಗಾಳಿ ಇನ್ನೊಂದನ್ನು ಹಿಡಿದು ತಳ್ಳುತ್ತದೆ. ಎರಡೂ ತಮ್ಮ ನಡುವಿನ ಒಂದು ಬಿಂದುವಿನ ಸುತ್ತ ಬುಗುರಿಯಂತೆ ಸುತ್ತಲು ತೊಡಗುತ್ತವೆ, ಅದೂ ಗಡಿಯಾರಕ್ಕೆ ವಿರುದ್ಧವಾಗಿ. ಹಾಗೆ ಸುತ್ತುವಾಗ ಮೂಡಣದಲ್ಲಿರುವುದು ಬಡಗಣಕ್ಕೆ ಹೋಗುತ್ತದೆ, ಪಡುವಣದಲ್ಲಿರುವುದು ತೆಂಕಣಕ್ಕೆ ಇಳಿಯುತ್ತದೆ. ಚಿಕ್ಕದು ಹೆಚ್ಚು ಅಲೆಯುತ್ತದೆ. ನಮಗೆ ಹತ್ತಿರದ್ದು ಪಡುವಣದ್ದು, ಚಿಕ್ಕದ್ದು. ನಮ್ಮ ಕರಾವಳಿಗೆ ಬಾರದೆ ಉತ್ತರಕ್ಕೆ ಹೋಗುತ್ತಿದ್ದ ಅದನ್ನು, ಯಾರೂ ಲೆಕ್ಕಕ್ಕಿಡದ ಇನ್ನೊಂದು ಹಿಂದಿನಿಂದ ಬಂದು ತಿರುಗಿಸಿತ್ತು.

"ಬುಲೆಟಿನ್ ಬದಲಾಗುವವರೆಗೂ ಬಾಯಿ ಬಿಡಬೇಡ," ಎಂದು ಮೇಲಧಿಕಾರಿ ಹೇಳಿ ಫೋನಿಟ್ಟರು. ಅವರ ಮಾತು ನಿಯಮದ ಪ್ರಕಾರ ಸರಿಯಾಗಿಯೇ ಇತ್ತು. ಒಬ್ಬ ಅಬ್ಸರ್ವರ್ ಪ್ಯಾಂಟುಗಳ ಕಾಲು ನೋಡಿ ಊರಿಗೆ ಎಚ್ಚರಿಕೆ ಕೊಟ್ಟ ಎಂದರೆ ನನ್ನ ನೌಕರಿ ಉಳಿಯುತ್ತಿರಲಿಲ್ಲ. ಆದರೆ ಮೂರು ದಿನ ಏನೂ ಆಗಲ್ಲ ಎಂದು ಆಗಲೇ ಬಾಯಿ ಬಿಟ್ಟಾಗಿತ್ತು. ಆ ಮಾತನ್ನು ನಂಬಿ ಹೆಂಗಸರು, ಕೂಸುಗಳು ಹಳ್ಳದ ಮರಳಲ್ಲಿ ಇದ್ದರು.

ಕಳದ ಮೇಸ್ತ್ರಿ ತಿಪ್ಪೇಸ್ವಾಮಿಯ ಬಳಿಗೆ ಹೋದೆ. ಹಬ್ಬಕ್ಕೆ ಲೋಡು ಕಳಿಸುವ ಆತುರದಲ್ಲಿದ್ದ ಮನುಷ್ಯ.

"ಏನ್ರಿ ಸಾರ್ ನೀವು, ನಿನ್ನೆ ಹರವ್ರಿ ಅಂದ್ರಿ, ಇವತ್ತ ತಗೀರಿ ಅಂತೀರಿ. ಹಸಿ ಪ್ಯಾಂಟ್ ಒಟ್ಟಿದ್ರ ಕಲೆ ಬೀಳ್ತಾವ್ರಿ. ಒಂದು ಮೋಡ ಐತೇನು ತೋರಸ್ರಿ," ಎಂದ.

ಮೋಡ ಇರಲಿಲ್ಲ. ಪಕ್ಕದಲ್ಲಿ ಪ್ಯಾಂಟು ಜಾಲಾಡುವ ದೊಡ್ಡ ತೊಟ್ಟಿ ಇತ್ತು, ಅದರ ತುಂಬ ನೀಲಿ ನೀರು, ಮೇಲೆ ನೊರೆ. ನಾನು ಎರಡು ಕೋಲು ತೆಗೆದುಕೊಂಡು ಒಂದನ್ನು ಲಕ್ಕಮ್ಮನ ಕೈಗೆ ಕೊಟ್ಟೆ. ಇಬ್ಬರೂ ಎಡಕ್ಕೆ ತಿರುಗಿಸೋಣ, ನೀನು ಅಲ್ಲಿ, ನಾನು ಇಲ್ಲಿ ಎಂದೆ. ಎರಡು ಸುಳಿ ಎದ್ದವು. ಕೋಲು ಎತ್ತಿದೆವು. ನೊರೆಯ ನಡುವೆ ಎರಡು ಕಪ್ಪು ಕಣ್ಣುಗಳು ಸ್ವಲ್ಪ ಹೊತ್ತು ತಮ್ಮ ತಮ್ಮ ಜಾಗದಲ್ಲೇ ತಿರುಗಿದವು. ಆಮೇಲೆ, ಯಾರೂ ಮುಟ್ಟದೆ, ಒಂದರ ಸುತ್ತ ಒಂದು ಹೊರಟವು. ಲಕ್ಕಮ್ಮನ ಬಳಿ ಇದ್ದದ್ದು ತೊಟ್ಟಿಯ ಆ ಬದಿಗೆ ಹೋಯಿತು, ಆ ಬದಿಯದ್ದು ಅವಳ ಹೊಟ್ಟೆಯ ಹತ್ತಿರಕ್ಕೆ ಬಂದು ಕಟ್ಟೆಗೆ ತಾಗಿತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಇಂಗೇನಾ ಅಲ್ಲಿ?"

"ಹೀಗೇ. ಇದು ಒಂದು ಮಾರು, ಅದು ಒಂಬೈನೂರು ಕಿಲೋಮೀಟರ್."

ತಿಪ್ಪೇಸ್ವಾಮಿ ತೊಟ್ಟಿಯನ್ನೇ ನೋಡುತ್ತ ನಿಂತ. ಪ್ಯಾಂಟು ಮಾತ್ರ ತೆಗೆಯುವುದಿಲ್ಲ, ಇನ್ನೊಂದು ದಿನದ ಗಾಳಿ ಬೇಕೇ ಬೇಕು ಎಂದ. ಲಕ್ಕಮ್ಮ ಅವನ ಜೊತೆ ವಾದಕ್ಕಿಳಿಯಲಿಲ್ಲ. ಸೀದಾ ಹೋಗಿ ಸೇತುವೆಯ ಕೆಳಗಿನ ಜೋಲಿ ಬಿಚ್ಚಿದಳು. ಅವಳು ಬಿಚ್ಚಿದ್ದನ್ನು ನೋಡಿ ಉಳಿದವರೂ ಬಿಚ್ಚಿದರು. ಬೆಳಕಿರುವಾಗಲೇ ಗುಡಿಸಲು, ಪಾತ್ರೆ, ಕೋಳಿ, ಕೂಸು ಎಲ್ಲ ದಡದ ಮೇಲಿನ ನಮ್ಮ ಆಫೀಸಿನ ಬಯಲಿಗೆ ಬಂದವು. ನನ್ನ ಮಾತನ್ನು ಹಿಂದಕ್ಕೆ ಪಡೆದೆ, ಸಕಾಲದಲ್ಲಿ ಪಡೆದೆ ಎಂಬ ಸಮಾಧಾನ ನನಗೆ. ಸಂಜೆಯ ರೀಡಿಂಗ್ ಬರೆದು ಮನೆಗೆ ಹೋದೆ.

ಬುಧವಾರ ಬೆಳಗಿನ ಬುಲೆಟಿನ್ ಬದಲಾಗಿತ್ತು. ಚಂಡಮಾರುತ ನಿಂತಲ್ಲಿಂದ ನೈಋತ್ಯಕ್ಕೆ ಹೊರಳಿ, ನಸುಕಿನಲ್ಲಿ ಆಂಧ್ರದ ದಕ್ಷಿಣ ಕರಾವಳಿ ದಾಟಿ ಒಳನಾಡಿಗೆ ಬರುತ್ತಿತ್ತು. ಎಂಟು ಗಂಟೆಗೆ ರೊಳ್ಳದಿಂದ ನನ್ನ ತಮ್ಮ ಆಫೀಸಿಗೆ ಫೋನ್ ಮಾಡಿದ. "ಅಣ್ಣ, ಇಲ್ಲಿ ಮಳೆ ಉಯ್ತಾ ಐತೆ. ಮೂರು ಗಂಟೆಗೆ ಇಡ್ಕಂಡಿದ್ದು ಇನ್ನೂ ಬಿಟ್ಟಿಲ್ಲ. ಅಲ್ಲೆಂಗೈತೆ?" ಎಂದ.

ಇಲ್ಲಿ ಹೇಗಿದೆ ಎಂದು ನೋಡಲು ಹೊರಗೆ ಬಂದೆ. ಮಳೆಮಾಪಕದಲ್ಲಿ ಸೊನ್ನೆ. ತಲೆಯ ಮೇಲೆ ಅದೇ ಹಿತ್ತಾಳೆ ಬಣ್ಣದ ಆಕಾಶ, ತೆಂಕಣದ ಗುಡ್ಡಗಳ ಹಿಂದೆ ಮಾತ್ರ ಒಂದು ಮಸಿಗೋಡೆ. ಗಾಳಿ ಈಶಾನ್ಯದಿಂದ ಬಲವಾಗಿ ಬೀಸುತ್ತಿತ್ತು. ಬಯಲಲ್ಲಿ ಮುದುಡಿ ಕೂತಿದ್ದ ಹೆಂಗಸರು ನನ್ನನ್ನು ನೋಡುವ ನೋಟದಲ್ಲಿ ಗೇಲಿ ಇತ್ತು. ಒಂದು ಹನಿಯೂ ಇಲ್ಲ, ಸುಮ್ಮನೆ ಗುಡಿಸಲು ಕೀಳಿಸಿದನಲ್ಲ ಎಂದು. ಹತ್ತು ಗಂಟೆಗೆ ತಿಪ್ಪೇಸ್ವಾಮಿ ಬಂದು, ಇಳಿದು ಪ್ಯಾಂಟು ಮಗುಚಿ ಹಾಕಿ ಎಂದ. ಕೆಲವರು ಎದ್ದರು. ಲಕ್ಕಮ್ಮ ದಡದ ಗೂಟಗಳ ಬಳಿ ನಿಂತು ಯಾರನ್ನೂ ಇಳಿಯಗೊಡಲಿಲ್ಲ.

"ಅವು ಇನ್ನೂ ಅತ್ಲಾಗೇ ಮಕ ಮಾಡವೆ. ತಿರುಗಗಂಟ ಒಬ್ರೂ ಇಳೀಬ್ಯಾಡ್ರಿ," ಎಂದಳು.

ನಾನು ಅವಳ ಪಕ್ಕದಲ್ಲಿ ನಿಂತಿದ್ದೆ. ಕೆಳಗೆ ಹಳ್ಳ ಖಾಲಿ. ಗುಡಿಸಲುಗಳಿದ್ದ ಜಾಗದಲ್ಲಿ ಒಲೆಯ ಮೂರು ಮೂರು ಕಲ್ಲು. ಸಾಲುಸಾಲಾಗಿ ಸಾವಿರಾರು ಕಾಲುಗಳು ಉಬ್ಬಿ, ಒದರಿ, ನೆಲ ಮುಟ್ಟದೆ ಓಡುತ್ತಿದ್ದವು. ಆ ಕಾಲುಗಳ ನಡುವೆ, ಬಡಗಣ ತುದಿಯಲ್ಲಿ, ಒಂದು ಜೊತೆ ಮಾತ್ರ ನೆಲದ ಮೇಲೆ ನಡೆಯುತ್ತಿತ್ತು.

ಮೊದಲು ನನಗೆ ಅರ್ಥವಾಗಲಿಲ್ಲ. ಕಣ್ಣಿನ ಭ್ರಮೆ ಎಂದುಕೊಂಡೆ. ಪ್ಯಾಂಟುಗಳ ಸಾಲಿನ ಹಿಂದೆ ಮರೆಯಾಗಿ ಮತ್ತೆ ಕಂಡಿತು, ಒಂದು ಸಾಲು ಇನ್ನೂ ಹತ್ತಿರದಲ್ಲಿ. ಅವಸರವಿಲ್ಲದ ನಡಿಗೆ. ಮೇಲೆ ಬಿಳಿ ಟೋಪಿ ಕಂಡಾಗ ಗುರುತು ಸಿಕ್ಕಿತು. ಕಾಸಿಂ ಸಾಬರು. ಬಸ್ಸಿಳಿದು, ಎಂದಿನಂತೆ ಹಳ್ಳದ ಒಳದಾರಿ ಹಿಡಿದು, ಮೂರನೆಯ ದಿನ ಹೇಳಿದ ಹೊತ್ತಿಗೆ ಕೆಲಸಕ್ಕೆ ಬರುತ್ತಿದ್ದರು. ನಾನು ಎಲ್ಲರಿಗೂ ಹೇಳಿದ್ದೆ. ಮೇಸ್ತ್ರಿಗೆ, ಹೆಂಗಸರಿಗೆ, ಮೇಲಧಿಕಾರಿಗೆ. ನನ್ನ ಬಾಯಿಂದ ನೇರವಾಗಿ ಆ ಮಾತು ಕೇಳಿಕೊಂಡು ಹೋದ ಒಬ್ಬರಿಗೆ ಹೇಳಿರಲಿಲ್ಲ. ಕಣೇಕಲ್ಲಿಗೆ ಒಂದು ಫೋನ್ ಮಾಡಿಸಬಹುದಿತ್ತು. ಬೆಳಗಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಬಹುದಿತ್ತು. ನನಗೆ ಅವರ ನೆನಪೇ ಬಂದಿರಲಿಲ್ಲ.

ಕೂಗಿದೆವು. ಗಾಳಿ ಅವರ ಕಡೆಯಿಂದ ನಮ್ಮ ಕಡೆಗೆ ಬೀಸುತ್ತಿತ್ತು. ನಮ್ಮ ಕೂಗು ನಮ್ಮ ಹಿಂದಕ್ಕೇ ಹೋಯಿತು. ಅವರ ಕಿವಿಯೂ ಮಂದ. ಆಗಲೇ ತೆಂಕಣದಿಂದ ಒಂದು ಸದ್ದು ಬಂತು, ಯಾರೋ ಒಣ ಸೊಪ್ಪು ಎಳೆದುಕೊಂಡು ಬರುವಂಥ ಸದ್ದು. ಹಳ್ಳದ ತಿರುವಿನಲ್ಲಿ ನೀರಿಗಿಂತ ಮೊದಲು ಕಸ ಬಂತು. ಜಾಲಿಮುಳ್ಳು, ತೊಗಟೆ, ನೊರೆ, ಎಲ್ಲವೂ ಒಂದು ಮೊಣಕಾಲೆತ್ತರದ ಗೋಡೆಯಾಗಿ ಮರಳನ್ನು ಮೆಲ್ಲಗೆ ತಿನ್ನುತ್ತ ಬರುತ್ತಿತ್ತು. ಅದರ ಹಿಂದೆ ಕೆಂಪು ನೀರು. ನಮ್ಮ ತಲೆಯ ಮೇಲೆ ಇನ್ನೂ ಬಿಸಿಲಿತ್ತು.

ಲಕ್ಕಮ್ಮ ಮೊದಲ ಗೂಟಕ್ಕೆ ಹೋಗಿ ಗಂಟು ಎಳೆದಳು. ಒಂದು ಸಾಲು ಬಿತ್ತು. ತಿಪ್ಪೇಸ್ವಾಮಿ "ಏಯ್!" ಎಂದು ಕೂಗಿದ. ಅವಳು ಎರಡನೆಯದು ಎಳೆದಳು, ಮೂರನೆಯದು. ಬರುವ ನೀರಿಗೆ ಕೈಯಾರೆ ಪ್ಯಾಂಟು ಹಾಸುತ್ತಿದ್ದಳು. ಓಡುತ್ತಿದ್ದ ಕಾಲುಗಳು ಸಾಲುಸಾಲಾಗಿ ಕುಸಿದು ಮಲಗಿದವು. ನಾಲ್ಕನೆಯ ಗಂಟು ನಾನು ಎಳೆದೆ. ಕಾಸಿಂ ಸಾಬರ ಮುಂದಿನ ಸಾಲು ಅವರ ಕಣ್ಣೆದುರೇ ನೆಲಕ್ಕೆ ಬಿತ್ತು.

ಅವರು ನಿಂತರು. ಆಕಾಶ ನೋಡಲಿಲ್ಲ, ನಮ್ಮ ಕಡೆಯೂ ನೋಡಲಿಲ್ಲ. ಹಗ್ಗ ಬಿದ್ದರೆ ಯಾಕೆಂದು ಕೇಳುವಂತಿಲ್ಲ. ಬಗ್ಗಿ ಕೈಗೆ ಸಿಕ್ಕ ನಾಲ್ಕು ಪ್ಯಾಂಟು ಬಾಚಿ ಹೆಗಲಿಗೆ ಹಾಕಿಕೊಂಡು, ಅಡ್ಡಕ್ಕೆ ತಿರುಗಿ, ದಡಕ್ಕೆ ಓಡತೊಡಗಿದರು. ಅರವತ್ತು ದಾಟಿದ ಕಾಲು, ಕೆಳಗೆ ಮರಳು. ದಡದ ಕಲ್ಲು ಹಿಡಿಯುವಾಗ ಕಸದ ಗೋಡೆ ಅವರ ಮೀನಖಂಡಕ್ಕೆ ತಾಗಿತು. ಇಬ್ಬರು ಹೆಂಗಸರು ಮುಂಗೈ ಹಿಡಿದು ಮೇಲೆಳೆದರು. ತಿರುಗಿ ನೋಡಿದಾಗ ಅವರು ನಿಂತಿದ್ದ ಜಾಗದಲ್ಲಿ ಎದೆಮಟ್ಟದ ನೀರಿತ್ತು. ನೀರು ತುಂಬಿಕೊಂಡ ಪ್ಯಾಂಟುಗಳು ಎದ್ದು ಎದ್ದು ಮುಳುಗುತ್ತ, ಮಂಡಿ ಮಡಚುತ್ತ, ಚಾಚುತ್ತ, ಬಡಗಣಕ್ಕೆ ನಡೆದು ಹೋದವು. ಮಳೆಯ ಮೊದಲ ಹನಿ ನಮ್ಮ ಮೇಲೆ ಬಿದ್ದದ್ದು ಅದಾದ ಅರ್ಧ ಗಂಟೆಗೆ.

ಮಧ್ಯಾಹ್ನ ಪೊಲೀಸ್ ಜೀಪು ಬಂತು. ಕಣೇಕಲ್ಲು ಕಡೆಯ ಹೊಲಗಳಲ್ಲಿ ಹೆಣಗಳು ಬಂದು ಬಿದ್ದಿವೆಯಂತೆ, ಇಲ್ಲಿಂದ ಎಷ್ಟು ಜನ ಹೋದರು ಎಂದು ಕೇಳಿದರು. ಮರಳು ತುಂಬಿ ಕಾಲಿನ ಆಕಾರಕ್ಕೆ ಗಟ್ಟಿಯಾದ ಪ್ಯಾಂಟುಗಳನ್ನು ಕೆಸರಲ್ಲಿ ಕಂಡ ಜನ ಹತ್ತಿರ ಹೋಗಲು ಹೆದರಿದ್ದರು. ಜೀಪಿನ ಹಿಂದೆಯೇ ಬಸ್ಸಿನಲ್ಲಿ ಕಾಸಿಂ ಸಾಬರ ಮಗಳು ಬಂದಳು. ಬೆಳಿಗ್ಗೆ ತಾನೇ ಅಪ್ಪನನ್ನು ಬಸ್ಸು ಹತ್ತಿಸಿದ್ದಳು. ನಮ್ಮ ಆಫೀಸಿನ ಜಗುಲಿಯಲ್ಲಿ ಚಾ ಕುಡಿಯುತ್ತ ಕೂತಿದ್ದ ಅಪ್ಪನನ್ನು ನೋಡಿದವಳು ಹತ್ತಿರ ಬರಲಿಲ್ಲ. ದೂರದಲ್ಲೇ ನಿಂತು ಮೊದಲು ಅವರ ಕಾಲುಗಳನ್ನು ನೋಡಿದಳು, ನೆಲ ಮುಟ್ಟಿವೆಯೇ ಎಂದು. ಆಮೇಲೆ ಅಳುತ್ತ ಬಂದು ಎರಡೂ ಪಾದ ಹಿಡಿದುಕೊಂಡಳು. ನಾನು ಒಳಗೆ ಹೋಗಿ ಬ್ಯಾರೋಮೀಟರಿನ ಮುಂದೆ ಸುಮ್ಮನೆ ನಿಂತೆ. ಆ ಹೆಣ್ಣುಮಗಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಎರಡನೆಯ ಚಂಡಮಾರುತ ಸುತ್ತಿಕೊಂಡು ಬಡಗಣಕ್ಕೆ ಹೋಗಿ ಸಮುದ್ರದಲ್ಲೇ ಸವೆದುಹೋಯಿತು. ಅದು ಯಾವ ಊರಿಗೂ ಬರಲಿಲ್ಲ. ಮೇಲಧಿಕಾರಿ ನನ್ನ ಮೇಲೆ ಕಾಗದ ಬರೆಯಲಿಲ್ಲ, ಹೊಗಳಲೂ ಇಲ್ಲ.

ಮಾರನೆಯ ದಿನ ಎಂಟೂವರೆಗೆ ರೀಡಿಂಗ್ ತೆಗೆದು ತಲೆ ಎತ್ತಿದೆ. ಬೇಲಿಯ ಆಚೆ ಯಾರೂ ಇರಲಿಲ್ಲ. ಅದರ ಮಾರನೆಯ ದಿನವೂ ಇರಲಿಲ್ಲ. ನಾಲ್ಕನೆಯ ದಿನ ನಾನೇ ಹೋದೆ. ಕಾಸಿಂ ಸಾಬರು ದಡದ ಮೇಲೆ ಹೊಸ ಗೂಟ ಕೆತ್ತುತ್ತಿದ್ದರು. ಪಕ್ಕದಲ್ಲಿ ಕೂತು, ತಪ್ಪಾಯಿತು ಎಂದೆ. ಅವರಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಜೋರಾಗಿ ಹೇಳಿದೆ.

"ಕೇಳಿ‌ಸ್ತ್ರಿ ಸಾರ್," ಎಂದರು, ಕೊಡಲಿ ಕೆಳಗಿಟ್ಟು. "ಗಾಳಿ ತಿರುಗೋದು ನಿಮ್ಮ ಕೈಯಾಗಿಲ್ಲರಿ. ಕೇಳಾಕ ದಿನಾ ನಾ ಬರ್ತಿದ್ನೆಲ್ರಿ. ಮಾತು ತಿರುಗಿದ ದಿನ ನೀವ ಬರಬೇಕಿತ್ತು."

ಸಿಟ್ಟು ಇರಲಿಲ್ಲ ಅವರ ದನಿಯಲ್ಲಿ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ನನ್ನ ವೃತ್ತಿ ನನಗೆ ಕಲಿಸಿದ್ದು ಅದೊಂದೇ ಮಾತು, ಕಲಿಸಿದವರು ಕಳದ ಕಾವಲುಗಾರರು. ಅಂದಿನಿಂದ ರೀಡಿಂಗ್ ಪುಸ್ತಕದ ಅಂಚಿನಲ್ಲಿ, ಗಾಳಿಯ ದಿಕ್ಕಿನ ಪಕ್ಕ, ಆ ದಿನ ಯಾರ್ಯಾರಿಗೆ ಏನು ಹೇಳಿದೆ ಎಂದು ಪೆನ್ಸಿಲ್ಲಿನಲ್ಲಿ ಹೆಸರು ಬರೆದಿಡತೊಡಗಿದೆ. ಮಾತು ಬದಲಾದರೆ ಆ ಹೆಸರುಗಳ ಹಿಂದೆ ಸೈಕಲ್ ತುಳಿಯುತ್ತಿದ್ದೆ. ನಿವೃತ್ತಿಯಾಗುವವರೆಗೂ ಹಾಗೆಯೇ ಮಾಡಿದೆ. ತಪ್ಪಿದ ಮುನ್ಸೂಚನೆಗಿಂತ, ತಪ್ಪಿದೆ ಎಂದು ಗೊತ್ತಾದ ಮೇಲೂ ಯಾರದೋ ತಲೆಯಲ್ಲಿ ಹಾಗೇ ಉಳಿದುಬಿಟ್ಟ ಮುನ್ಸೂಚನೆ ಹೆಚ್ಚು ಅಪಾಯ.

ಕಳ ಮತ್ತೆ ಶುರುವಾಯಿತು. ಈ ಸಲ ಗುಡಿಸಲು ದಡದ ಮೇಲೆ, ಹಗ್ಗ ಮಾತ್ರ ಹಳ್ಳದಲ್ಲಿ. ಡಿಸೆಂಬರಿನ ಒಂದು ಬೆಳಿಗ್ಗೆ, ಬೇಲಿಯ ಬಳಿಗೆ ಬರುವುದನ್ನೇ ಬಿಟ್ಟಿದ್ದ, ದಾರಿಯಲ್ಲಿ ಎದುರಿಗೆ ಸಿಕ್ಕ ಕಾಸಿಂ ಸಾಬರಿಗೆ ನಾನಾಗಿಯೇ ಇವತ್ತು ಹರವಬಹುದು ಎಂದಿದ್ದೆ. ಹನ್ನೊಂದಕ್ಕೆ ಬ್ಯಾರೋಮೀಟರ್ ಇಳಿಯಿತು. ಸುಡುಬಿಸಿಲಲ್ಲಿ ಕಳಕ್ಕೆ ನಡೆದು ಹೋಗಿ, ಬೆಳಿಗ್ಗೆ ಹೇಳಿದ್ದು ಸರಿಯಿಲ್ಲ, ಮಳೆ ಬರಬಹುದು ಎಂದೆ. ಅವರು ಆಕಾಶ ನೋಡಿದರು. ಒಂದು ಮೋಡವೂ ಇರಲಿಲ್ಲ. ಎದ್ದು ಹೋಗಿ ಮೊದಲನೆಯ ಗಂಟು ತಾವೇ ಎಳೆದರು. ಆ ತುದಿಯಲ್ಲಿದ್ದ ಲಕ್ಕಮ್ಮ ಅದನ್ನು ನೋಡಿ ಎರಡನೆಯದನ್ನು ಎಳೆದಳು. ಸಾಲುಗಳೆಲ್ಲ ಬಿದ್ದವು. ಹೆಂಗಸರು ಹಸಿ ಪ್ಯಾಂಟು ಹೊತ್ತು ದಡ ಹತ್ತಿದರು.

ಅಂದು ಮಳೆ ಬರಲಿಲ್ಲ. ಸಂಜೆಯವರೆಗೂ ಒಂದು ಹನಿ ಬೀಳಲಿಲ್ಲ. ನಾನು ನಾಚಿಕೆಯಿಂದ ಮನೆಗೆ ಹೋದೆ.

ಮಾರನೆಯ ಬೆಳಿಗ್ಗೆ ಎಂಟೂವರೆಗೆ ಬಗ್ಗಿ ಮಳೆಮಾಪಕ ನೋಡಿದೆ. ಸೊನ್ನೆ. ಬರೆದುಕೊಂಡು ತಲೆ ಎತ್ತಿದರೆ ತಂತಿಬೇಲಿಯ ಆಚೆ ಬಿಳಿ ಟೋಪಿ.

"ಇವತ್ತ ಹರವಬೌದೇನ್ರಿ ಸಾರ್?" ಎಂದರು ಕಾಸಿಂ ಸಾಬರು.